ಹನ್ನೊಂದಕ್ಷರದ್ದೊಂದಿದೆ, ನೋಡಯ್ಯ

ಪದ ಹುಡುಕುವ ಆಟದಲ್ಲಿ ಉತ್ತರವನ್ನೇ ಹೇಳಿಬಿಡುವವರನ್ನು ಹೇಗೋ ಸಹಿಸಬಹುದು. ಉತ್ತರ ಹೇಳದೆ, ಅದರಲ್ಲಿ ಎಷ್ಟಕ್ಷರ ಇದೆ ಅಂತಷ್ಟೇ ಹೇಳಿ ಸುಮ್ಮನಾಗುವವರಿದ್ದಾರಲ್ಲ, ಅವರನ್ನು ಏನು ಮಾಡಬೇಕೋ ತಿಳಿಯದು. ನಮ್ಮ ಭಾವ ಅಂಥವರು.

ಆಟ ನಿಮಗೂ ಗೊತ್ತಿರುತ್ತದೆ. ಬೆಳಗಾಗುವಷ್ಟರಲ್ಲಿ ಫೋನಿನಲ್ಲಿ ಏಳು ಇಂಗ್ಲಿಷ್ ಅಕ್ಷರಗಳು ಬಂದು ಕೂತಿರುತ್ತವೆ, ನಡುವೆ ಒಂದು, ಸುತ್ತ ಆರು. ನಡುವಿನದು ಪ್ರತಿ ಪದದಲ್ಲೂ ಬರಲೇಬೇಕು. ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ನಾಲ್ಕಕ್ಷರಕ್ಕಿಂತ ಚಿಕ್ಕದು ನಡೆಯದು. ಏಳೂ ಅಕ್ಷರ ಬರುವ ಪದ ಹಿಡಿದವನಿಗೆ ಆವತ್ತು ನೆಲ ಕಾಣುವುದಿಲ್ಲ. ಎಸ್ ಮಾತ್ರ ಯಾವತ್ತೂ ಕೊಡುವುದಿಲ್ಲ. ಕೊಟ್ಟರೆ ಸಿಕ್ಕಸಿಕ್ಕದ್ದಕ್ಕೆಲ್ಲ ಬಹುವಚನ ಹಚ್ಚಿ ಅಂಕ ಗುಡ್ಡೆ ಹಾಕುತ್ತೇವೆ ಅಂತ ಅವರಿಗೆ ಗೊತ್ತು.

ಮೊನ್ನೆ ನಡುವೆ ಐ. ಸುತ್ತ ಸಿ, ಓ, ಎಂ, ಟಿ, ಇ, ಎನ್. ಹಲ್ಲುಜ್ಜುವಷ್ಟರಲ್ಲೇ ಕನೆಕ್ಷನ್, ಕಾಂಟಿನೆಂಟ್, ಕಮೋಷನ್ ಸಿಕ್ಕವು. ಆಮೇಲೆ ಹೊಳೆಯಿತು ನೋಡಿ, ಕಮೆನ್ಸ್‌ಮೆಂಟ್! ಹನ್ನೆರಡಕ್ಷರ! ಬ್ರಷ್ಷನ್ನು ದವಡೆಗೆ ಸಿಕ್ಕಿಸಿಕೊಂಡು ಒಂದೊಂದಾಗಿ ಒತ್ತಿದೆ. 'ನಡುವಿನ ಅಕ್ಷರ ಇಲ್ಲ' ಅಂತ ಪರದೆ ಅಲ್ಲಾಡಿತು. ಹನ್ನೆರಡು ಅಕ್ಷರ ಕೂಡಿಸಿ ತಂದರೂ ಒಂದು ಐ ಇಲ್ಲದ್ದಕ್ಕೆ ಸೊನ್ನೆ.

ಅದೇ ಹೊತ್ತಿಗೆ ಭಾವನ ಮೆಸೇಜು: 'ಏಳೂ ಅಕ್ಷರದ್ದು ಸಿಕ್ತು. ಹನ್ನೊಂದಕ್ಷರದ್ದೊಂದಿದೆ, ನೋಡಯ್ಯ. ದಿನಾ ನೀನೇ ಆಡೋ ಮಾತು.'

ಮುಗೀತು. ಇನ್ನು ಆ ದಿನ ನನ್ನದಲ್ಲ. ಮೊದಲಕ್ಷರ ಯಾವುದು ಭಾವ ಅಂತ ಕೇಳಿದರೆ, 'ಅದನ್ನೂ ಹೇಳಿಬಿಟ್ರೆ ಆಟ ಎಲ್ಲುಳಿತು?' ಹೋಗಲಿ, ಅರ್ಥವಾದರೂ ಏನು ಅಂದರೆ, 'ಒಳ್ಳೇ ಅರ್ಥಾನೇ.' ಅರ್ಧ ಗಂಟೆ ಬಿಟ್ಟು 'ಸಿಕ್ತಾ?' ಇನ್ನರ್ಧ ಗಂಟೆ ಬಿಟ್ಟು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ನಾನು ಮೀಟಿಂಗಿನಲ್ಲಿದ್ದಾಗಲೇ ಸರಿಯಾಗಿ 'ಕಣ್ಣ ಮುಂದೇ ಇದೆ ಕಣಯ್ಯ.' ಕಣ್ಣ ಮುಂದೆ ಇದ್ದದ್ದು ಮೇಲಧಿಕಾರಿ.

ಇವರು ಆಡುವ ಪರಿಯೂ ಬೇರೆ. ಫೋನಿನಲ್ಲಿ ಅಕ್ಷರ ನೋಡಿಕೊಂಡು ಹಳೇ ಲಕೋಟೆಯ ಹಿಂದೆ ದುಂಡಗೆ ಬರೆದುಕೊಳ್ಳುತ್ತಾರೆ. ಕನ್ನಡಕ ಹಣೆಗೇರಿಸಿ, ತುಟಿ ಅಲ್ಲಾಡಿಸುತ್ತ, ಸಿಕ್ಕಿದ ಪದಕ್ಕೆಲ್ಲ ಮುಂದೊಂದು 'ಅನ್', ಹಿಂದೊಂದು 'ಏಬಲ್' ತಗುಲಿಸಿ ನೋಡುತ್ತಾರೆ. ಏನೋ ಹೊಳೆದರೆ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತಾರೆ. ಎಣಿಸಿದ ತಕ್ಷಣ ನನಗೆ ಸಂಖ್ಯೆ ರವಾನೆ.

ಉದ್ದ ಪದ ಹುಡುಕುವವರು ಬಾಲದಿಂದ ಶುರುಮಾಡಬೇಕು. ಇಂಗ್, ಷನ್, ಮೆಂಟ್, ಇವುಗಳಲ್ಲಿ ಯಾವುದಕ್ಕೆ ಅಕ್ಷರ ಇವೆಯೋ ಅದನ್ನು ಪಕ್ಕಕ್ಕಿಟ್ಟು ಮಿಕ್ಕದ್ದಕ್ಕೆ ತಲೆ ಕೆರೆದುಕೊಳ್ಳುವುದು. ಮೆಂಟ್‌ಗೆ ನಾಲ್ಕು ಹೋದರೆ ಹನ್ನೊಂದರಲ್ಲಿ ಏಳು ಉಳಿಯಬೇಕು. ಆರಕ್ಷರದ್ದೊಂದು ನಾಲಿಗೆ ತುದಿಗೆ ಬಂತು, ಲೆಕ್ಕ ತಾಳೆಯಾಗದ್ದಕ್ಕೆ ವಾಪಸ್ ಕಳಿಸಿದೆ. ಸರಿಯಾಗಿ ಹನ್ನೊಂದಕ್ಷರದ್ದು ಸಿಕ್ಕಿದ್ದು ಒಂದೇ, ಇನ್‌ಕಾಂಟಿನೆಂಟ್. ಮೂತ್ರ ತಡೆದುಕೊಳ್ಳಲಾಗದವರ ಬಗ್ಗೆ ವೈದ್ಯರು ಹೇಳುವ ಪದ. ಅದರಲ್ಲಿ ಎಂ ಇಲ್ಲ. ಇದ್ದಿದ್ದರೂ ಭಾವನಿಗೆ ಕಳಿಸುವಂಥದ್ದಲ್ಲ, ದಿನಾ ನಾನಾಡುವ ಮಾತಂತೂ ಖಂಡಿತ ಅಲ್ಲ.

ಪಕ್ಕದ ಸೀಟಿನವರು ಇಣುಕಿ, 'ಇದಕ್ಕೆಲ್ಲ ಇಂಗ್ಲಿಷ್ ಚೆನ್ನಾಗಿರಬೇಕು ಬಿಡಿ' ಅಂದರು. ಏನೂ ಬೇಕಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಪ್ರಶಸ್ತಿ ಗೆದ್ದಾಗ ಅವರಿಗೆ ಫ್ರೆಂಚಿನಲ್ಲಿ ನಾಲ್ಕು ಮಾತಾಡಲೂ ಬರುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಪದಪಟ್ಟಿ ಬಾಯಿಪಾಠ ಮಾಡಿಕೊಂಡು ಹೋಗಿದ್ದರಷ್ಟೆ. ಇದನ್ನೆಲ್ಲ ಅವರಿಗೆ ವಿವರಿಸುವಷ್ಟರಲ್ಲಿ ಯಾರದೋ ಫೋನು, ನಾಳೆ ಸಂಜೆ ಬಿಡುವಿದೆಯಾ ಅಂತ. 'ಇಲ್ಲ ಸಾರ್, ನಾಳೆ ಬೇರೆ ಕಮಿಟ್‌ಮೆಂಟ್ ಇದೆ' ಅಂದೆ. ಫೋನಿಟ್ಟು ಮತ್ತೆ ಹುಡುಕಲು ಕೂತೆ.

ಈ ಚಟ ಹಿಡಿಸಿದ್ದು ಭಾವ ಅಲ್ಲ, ಅಕ್ಕ. ಚಿಕ್ಕವರಿದ್ದಾಗ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಉದ್ದದ್ದೊಂದು ಇಂಗ್ಲಿಷ್ ಪದ ಬರೆದು, ಅದರೊಳಗಿಂದ ಯಾರು ಹೆಚ್ಚು ಪದ ತೆಗೆಯುತ್ತಾರೆ ಅಂತ ಪಂದ್ಯ. ಒಮ್ಮೆ ಅವಳು ಎಲ್ಲಿಂದಲೋ 45 ಅಕ್ಷರದ ಶ್ವಾಸಕೋಶದ ಕಾಯಿಲೆಯ ಹೆಸರು ಹಿಡಿದು ತಂದಿದ್ದಳು. 1935ರಲ್ಲಿ ಅಮೆರಿಕದ ಒಗಟುಗಾರರ ಸಂಘದ ಅಧ್ಯಕ್ಷರೇ ಉದ್ದವಿರಲಿ ಅಂತ ಹೊಸೆದ ಪದವಂತೆ ಅದು. ಆ ರಜೆಯಿಡೀ ಅದೊಂದೇ ಪದದಲ್ಲಿ ಕಳೆಯಿತು. ಅವಳು ಎಡಗೈ ಅಡ್ಡ ಹಿಡಿದು ಬರೆಯುತ್ತಿದ್ದಳು, ನಾನು ಹಿಂದೆ ಬಿದ್ದಾಗ ಕೈ ಸ್ವಲ್ಪ ಸರಿಸುತ್ತಿದ್ದಳು. ಸಂಖ್ಯೆ ಹೇಳಿ ಸತಾಯಿಸುತ್ತಿರಲಿಲ್ಲ. ಈಗ ಕರೆದರೆ, 'ನಿಮ್ಮಿಬ್ರದ್ದು ಸಾಕು' ಅಂತ ಎದ್ದು ಹೋಗುತ್ತಾಳೆ.

ಮರುದಿನ ಬೆಳಿಗ್ಗೆ ಆಟದವರೇ ಉತ್ತರ ಕೊಟ್ಟರು. ಕಮಿಟ್‌ಮೆಂಟ್. ಎಣಿಸಿದೆ, ಹತ್ತು. ಇನ್ನೊಮ್ಮೆ ಎಣಿಸಿದೆ, ಆಗಲೂ ಹತ್ತೇ.

ಫೋನ್ ಮಾಡಿ, 'ಭಾವ, ನೀವು ಅದನ್ನ ಒತ್ತಿ ನೋಡಿದ್ರಾ?' ಅಂದೆ.

'ಒತ್ತೋದೇನು, ಲಕೋಟೆ ಮೇಲೆ ಬರ್ದಿದೀನಲ್ಲ. ಎಂ ಎರಡು, ಟಿ ಎರಡು, ಆಮೇಲೆ ಮೆಂಟು.'

'ಟಿ ಒಂದೇ, ಭಾವ. ಕೊನೇದು ಬಿಟ್ಟು.'

'ಅದ್ಹೇಗೆ? ಕಮಿಟೀಲಿ ಎರಡಿಲ್ವೇನಯ್ಯ?'

ಇದೆ. ಕಮಿಟಿಯಲ್ಲಿ ಎಂ ಎರಡು, ಟಿ ಎರಡು, ಸಾಲದ್ದಕ್ಕೆ ಇ ಕೂಡ ಎರಡು. ಕಮಿಟೆಡ್ ಆದರೂ ಟಿ ಎರಡು. ಕಮಿಟ್‌ಮೆಂಟಿಗೆ ಬಂದಾಗ ಮಾತ್ರ ಆ ಜಾಗದಲ್ಲಿ ಒಂದೇ ಸಾಕಂತೆ. ಈ ಒಂದು ವಿಷಯದಲ್ಲಿ ನಾನು ಭಾವನ ಕಡೆಗೇ. ಹಾಗಂತ ನನ್ನ ಒಂದು ಹಗಲನ್ನು ಇಲ್ಲದ ಟಿ ಹುಡುಕಲು ಹಚ್ಚಿದ್ದನ್ನು ಬಿಟ್ಟುಬಿಡಲಾಗುತ್ತದೆಯೇ? ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದಲ್ಲಿ ಕೆಲಸ ಕಳೆದುಕೊಂಡು ಕೂತಿದ್ದಾಗ ಪತ್ರಿಕೆ ಹರಡಿಕೊಂಡು, ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಕೈಯಲ್ಲೇ ಎಣಿಸಿ ಸ್ಕ್ರ್ಯಾಬಲ್ಲಿನ 100 ಬಿಲ್ಲೆ ಹಂಚಿದರು. ಇ 12, ಕ್ಯೂ ಒಂದೇ ಒಂದು. ನಮ್ಮವರಿಗೆ ಒಂದು ಪದ ಎಣಿಸಲಾಗಲಿಲ್ಲ.

ಎಣಿಕೆ ತಪ್ಪಿಲ್ಲ, ಪದವೇ ತಪ್ಪು ಅನ್ನುವುದು ಅವರ ವಾದ. ಆಟದವರಿಗೆ ಇಂಗ್ಲಿಷಿನಲ್ಲಿ ದೂರು ಬರೆದಿದ್ದಾರೆ: ಎರಡು ಟಿ ಇರುವ ಕಮಿಟ್‌ಮೆಂಟನ್ನೂ ಒಪ್ಪಿಕೊಳ್ಳಬೇಕು, ಬೇಕಿದ್ದರೆ ತಜ್ಞರ ಕಮಿಟಿಯೊಂದನ್ನು ನೇಮಿಸಲಿ. ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸು ಅಂತ ನನಗೆ ಬಂದಿದೆ. ಅದರಲ್ಲಿ ಕಮಿಟಿಗೆ ಒಂದೇ ಟಿ ಹಾಕಿದ್ದಾರೆ.