ಆಯಿಯ ಹಲ್ಲಿನ ಸೆಟ್ಟು ಕಪಾಟಿನಲ್ಲಿತ್ತು

ಮೇ ತಿಂಗಳಲ್ಲಿ ಶಿರಸಿಗೆ ಹೋದಾಗ ಆಯಿ ಹಲಸಿನ ಹಪ್ಪಳ ಸುಟ್ಟು ಎಲ್ಲರಿಗೂ ಕೊಟ್ಟಳು, ತಾನು ಮಾತ್ರ ಮುಟ್ಟಲಿಲ್ಲ. ಕೇಳಿದರೆ "ಯಂಗೆ ಇನ್ನು ಹಲ್ಲು ಎಂತಕ್ಕೆ ತಮಾ" ಅಂದಳು. ಎರಡು ವರ್ಷದ ಹಿಂದೆ ಮಾಡಿಸಿದ ಸೆಟ್ಟು ಕಪಾಟಿನಲ್ಲಿ, ಹಳೇ ಕುಂಕುಮದ ಡಬ್ಬಿ ಪಕ್ಕ ಒಣಗಿ ಕೂತಿತ್ತು. ಹಾಕಿಕೊಂಡರೆ ವಸಡು ಉಜ್ಜುತ್ತದಂತೆ. ಹಾಗಾಗಿ ಮೆತ್ತಗೆ ಕಲಸಿದ ಅನ್ನ, ತಂಬುಳಿ, ರಾತ್ರಿಗೆ ಗಂಜಿ. ಎಲೆ ಅಡಿಕೆಯ ಕವಳವನ್ನೂ ಪುಟ್ಟ ಒರಳಲ್ಲಿ ಕುಟ್ಟಿಯೇ ಬಾಯಿಗೆ ಹಾಕುತ್ತಾಳೆ. ವಯಸ್ಸಾಯ್ತು, ಹಲ್ಲು ಹೋಯ್ತು, ಅಷ್ಟೇ ಅಲ್ವಾ ಅನ್ನೋದು ಮನೆಯವರೆಲ್ಲರ ಲೆಕ್ಕ.

ನಾನಿರುವುದು ಜಪಾನಿನ ಯೊಕೊಹಾಮಾದಲ್ಲಿ. ಅಲ್ಲಿ ಅಜ್ಜ ಅಜ್ಜಿಯರ ಹಲ್ಲು ಎಣಿಸುತ್ತಾರೆ. 1989ರಲ್ಲಿ '8020' ಅಂತ ಒಂದು ಆಂದೋಲನ ಶುರುವಾಯಿತು. 80 ವರ್ಷಕ್ಕೂ 20 ಸ್ವಂತ ಹಲ್ಲು ಉಳಿಸಿಕೊಳ್ಳಿ, ಅಷ್ಟಿದ್ದರೆ ಹೆಚ್ಚುಕಡಿಮೆ ಎಲ್ಲವನ್ನೂ ಅಗಿದು ತಿನ್ನಬಹುದು ಅಂತ. ಆಗ ಆ ವಯಸ್ಸಿನ ಹತ್ತರಲ್ಲಿ ಒಬ್ಬರಿಗೂ ಅಷ್ಟು ಹಲ್ಲಿರಲಿಲ್ಲ. 2016ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇತ್ತು.

ಹಲ್ಲು ಅಂದರೆ ಊಟದ ವಿಷಯ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಆದರೆ 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 14 ಅಧ್ಯಯನ, 34,000ಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಹಾಕಿ ನೋಡಿದಾಗ, ಹೆಚ್ಚು ಹಲ್ಲು ಕಳೆದುಕೊಂಡವರಲ್ಲಿ ಬುದ್ಧಿ ಮಂಕಾಗುವ ಅಪಾಯ 1.48 ಪಟ್ಟು, ಮರೆವಿನ ಕಾಯಿಲೆಯ ಅಪಾಯ 1.28 ಪಟ್ಟು ಕಂಡಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಕಟ್ಟಿಸಿದ ಹಲ್ಲು ಹಾಕಿಕೊಳ್ಳುವವರಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ! ಹಲ್ಲು ಹೋಗಿದ್ದರಿಂದಲೇ ಮರೆವು ಬಂತು ಅಂತ ಇದರಿಂದ ಹೇಳಲಾಗದು. ಮರೆವು ಬಂದವರು ಹಲ್ಲುಜ್ಜುವುದನ್ನೂ ಬಿಡುತ್ತಾರೆ. ಆದರೂ ಅಗಿಯೋದು ನಿಂತರೆ ತರಕಾರಿ, ಕಾಳು ಎಲ್ಲ ತಟ್ಟೆಯಿಂದ ಹೋಗುತ್ತವೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂರಲು ಮುಜುಗರ ಆಗುತ್ತದೆ, ಮಾತೂ ಕಡಿಮೆಯಾಗುತ್ತದೆ. ವಸಡಿನ ರೋಗದ ಒಂದು ಬ್ಯಾಕ್ಟೀರಿಯಾದ ಕುರುಹು ಆಲ್ಝೈಮರ್ ಬಂದವರ ಮೆದುಳಲ್ಲಿ ಸಿಕ್ಕಿದೆ ಅಂತ 2019ರಲ್ಲೇ ವರದಿ ಬಂದಿದೆ.

ನಮ್ಮ ಬೀದಿಯಲ್ಲಿ ಹಿರಿಯರು ಹಗಲು ಹೊತ್ತು ಕಳೆಯುವ ಒಂದು ಕೇಂದ್ರವಿದೆ. ಊಟಕ್ಕೆ ಮೊದಲು ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತು ಜೋರಾಗಿ "ಪ, ತ, ಕ, ರ" ಅನ್ನುತ್ತಾರೆ. ಅಗಿಯುವ, ನುಂಗುವ ಬಾಯಿಗೆ ವ್ಯಾಯಾಮ ಇದು. ಪ ಅಂದರೆ ತುಟಿಗೆ ಕೆಲಸ, ತ ಅಂದರೆ ನಾಲಿಗೆ ತುದಿಗೆ, ಕ ಅಂದರೆ ನಾಲಿಗೆಯ ಹಿಂಭಾಗಕ್ಕೆ, ರ ಅಂದರೆ ನಾಲಿಗೆ ಮೇಲೆತ್ತಿ ಹೊರಳಿಸಬೇಕು. ಮೊದಲ ಸಲ ಕೇಳಿದಾಗ ಕಾಗುಣಿತ ಹೇಳುವ ಶಾಲೆಯ ಮುಂದೆ ನಿಂತಂತೆ ಆಯಿತು. ಇಂಥದ್ದು ನಮ್ಮೂರಲ್ಲಿ ಮಾಡಲು ದುಡ್ಡು ಬೇಡ, ಯಂತ್ರ ಬೇಡ. ಬಿಪಿ, ಶುಗರ್ ಅಂತ ತಿಂಗಳು ತಿಂಗಳು ಆಯಿಯನ್ನು ಕರೆದುಕೊಂಡು ಹೋಗುತ್ತೇವೆ, ಬಾಯಿ ತೆರೆಸಿ ನೋಡಿದ್ದು ಯಾವಾಗ? ನನಗೆ ನನ್ನ ಮೇಲೇ ಸಿಟ್ಟು ಬಂತು.

ಹೊರಡುವ ಮೊದಲು ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಹಲ್ಲು ಹೋದ ಮೇಲೆ ದವಡೆ ಎಲುಬು ಸವೆಯುತ್ತಾ ಹೋಗುತ್ತದೆ, ಅದಕ್ಕೇ ಸೆಟ್ಟು ಸಡಿಲವಾಗಿದೆ ಅಂದರು. ಒಳಗೆ ಹೊಸ ಪದರ ಕೊಟ್ಟು ಸರಿಮಾಡಿದರು. ರಾತ್ರಿ ತೆಗೆದು ತೊಳೆದು ನೀರಲ್ಲಿ ಹಾಕಿಡಬೇಕು ಅನ್ನೋದೂ ನಮಗೆ ಅವತ್ತೇ ಗೊತ್ತಾಗಿದ್ದು.

ಈಗ ಭಾನುವಾರ ಫೋನ್ ಮಾಡಿದಾಗ ನಾವಿಬ್ಬರೂ ಹತ್ತು ಸಲ "ಪ ತ ಕ ರ" ಹೇಳುತ್ತೇವೆ. ಸೆಟ್ಟು ಹಾಕಿಕೊಂಡಿದ್ದರೆ ಆಯಿಯ 'ತ' ಖಚಿತವಾಗಿ ಕೇಳುತ್ತದೆ. ಕಪಾಟಲ್ಲಿಟ್ಟಿದ್ದರೆ ಇಲ್ಲಿಗೇ ಗೊತ್ತಾಗುತ್ತದೆ.