ಮೊದಲು ಗುಂಡು, ಆಮೇಲೆ ತೋಟಾ

ಅಮೆರಿಕದಲ್ಲಿ ಇಬ್ಬರು ಬೇಟೆಗಾರರು ಸೇರಿದರೆ ಮೊದಲು ಬರುವ ಪ್ರಶ್ನೆ, "ನಿನ್ನದು ಯಾವ ತೋಟಾ?" ನಾರ್ವೆಯಲ್ಲಿ ಇಬ್ಬರು ಸೇರಿದರೆ, "ಈ ವರ್ಷದ ಶೂಟಿಂಗ್ ಪರೀಕ್ಷೆ ಆಯ್ತಾ?" ಕೆಲವು ವರ್ಷ ಕೊಲೊರಾಡೊದಲ್ಲಿದ್ದು ಈಗ ನಾರ್ವೆಯಲ್ಲಿ ನೆಲೆಸಿರುವ ನಾನು ಎರಡೂ ಪ್ರಶ್ನೆ ಸಾಕಷ್ಟು ಕೇಳಿಸಿಕೊಂಡಿದ್ದೇನೆ. ಎರಡನೆಯದೇ ಸರಿಯಾದ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಆದರೆ ತೋಟಾವನ್ನು ಕೈಯಾರೆ ತುಂಬಿಕೊಳ್ಳುವ ವಿಷಯಕ್ಕೆ ಬಂದರೆ ನಾನು ಪೂರ್ತಿ ಅಮೆರಿಕದ ಕಡೆ. ತೋಟಾ ಅಂದರೆ ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಮೂತಿಯಲ್ಲಿ ಗುಂಡು, ಇಷ್ಟೂ ಸೇರಿದ್ದು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು ಬಿಡಿ. ನಾರ್ವೆಯ ಲೆಕ್ಕ ಬೇರೆ. ಎಷ್ಟು ಮೂಸ್ (ಕುದುರೆಯಷ್ಟು ದೊಡ್ಡ ಜಿಂಕೆ ಜಾತಿಯ ಪ್ರಾಣಿ) ಹೊಡೆಯಬಹುದು ಅಂತ ಪ್ರದೇಶವಾರು ಕೋಟಾ ಇರುತ್ತದೆ. ಮಾಂಸ ಮನೆಯ ಫ್ರೀಜರ್ ಸೇರುತ್ತದೆ. ಹೊಡೆಯುವುದೇ ಆದರೆ ಪ್ರಾಣಿ ನರಳದೆ ಬೇಗ ಬೀಳಬೇಕು. ತೋಟಾದ ಚರ್ಚೆಯೆಲ್ಲ ಶುರುವಾಗಬೇಕಾದ್ದು ಅಲ್ಲಿಂದ.

ಎರಡೂ ಕಡೆಯ ಕಾನೂನು ಅಕ್ಕಪಕ್ಕ ಇಟ್ಟು ನೋಡಿ. ಕೊಲೊರಾಡೊದಲ್ಲಿ ಎಲ್ಕ್ (ಅಲ್ಲಿನ ದೊಡ್ಡ ಜಿಂಕೆ) ಹೊಡೆಯಲು ಕೋವಿಯ ನಳಿಗೆಯ ಅಳತೆ ಕನಿಷ್ಠ .24 ಇಂಚು, ಗುಂಡಿನ ತೂಕ 85 ಗ್ರೇನ್, 100 ಗಜದಲ್ಲಿ 1,000 ಫುಟ್-ಪೌಂಡ್ (ಸುಮಾರು 1,356 ಜೂಲ್) ಶಕ್ತಿ ಇದ್ದರೆ ಸಾಕು. 85 ಗ್ರೇನ್ ಅಂದರೆ ಸುಮಾರು ಐದೂವರೆ ಗ್ರಾಂ. ನಾರ್ವೆಯಲ್ಲಿ ಮೂಸ್‌ಗೆ 9 ಗ್ರಾಂಗಿಂತ ಕಡಿಮೆ ತೂಕದ ಗುಂಡು ನಡೆಯುವುದೇ ಇಲ್ಲ. 9ರಿಂದ 10 ಗ್ರಾಂ ಒಳಗಿದ್ದರೆ 100 ಮೀಟರಿನಲ್ಲಿ 2,700 ಜೂಲ್ ಇರಬೇಕು. 10 ಗ್ರಾಂ ದಾಟಿದರೆ 2,200 ಜೂಲ್ ಸಾಕು.

ಈ ಕೊನೆಯ ಸಾಲು ನೋಡಿ, ಅದರಲ್ಲೇ ಇದೆ ವಿಷಯ. ಗುಂಡು ಭಾರವಾದರೆ ಶಕ್ತಿಯಲ್ಲಿ ರಿಯಾಯಿತಿ. ಲೆಕ್ಕ ಹಾಕಿದರೆ 9 ಗ್ರಾಂ ಗುಂಡು 100 ಮೀಟರಿನಲ್ಲಿ ಸೆಕೆಂಡಿಗೆ 775 ಮೀಟರ್ ವೇಗದಲ್ಲಿರಬೇಕು, 10 ಗ್ರಾಂ ಗುಂಡಿಗೆ 663 ಮೀಟರ್ ಸಾಕು. ಅಷ್ಟೇ ದಪ್ಪದ ಎರಡು ಗುಂಡುಗಳಲ್ಲಿ ಭಾರದ್ದು ನಿಧಾನವಾಗಿ ಹೋದರೂ ಒಳಗೆ ಆಳಕ್ಕೆ ಇಳಿಯುತ್ತದೆ ಅನ್ನುವ ಅನುಭವ ಆ ನಿಯಮದಲ್ಲಿ ಕೂತಿದೆ. ಹಾಗಾಗಿಯೇ 1894ರಲ್ಲಿ ಸೈನ್ಯಕ್ಕೆ ಬಂದ 6.5×55 ತೋಟಾ ಇವತ್ತಿಗೂ 10.1 ಗ್ರಾಂನ ಉದ್ದನೆಯ ಗುಂಡು ಹಾಕಿಕೊಂಡು ಮೂಸ್ ಬೇಟೆಗೆ ಹೋಗುತ್ತದೆ.

ತಮಾಷೆ ಏನು ಗೊತ್ತಾ? ಕೊಲೊರಾಡೊದ ಕಾನೂನು .243 ಎಂಬ ಸಣ್ಣ ತೋಟಾಕ್ಕೂ ಒಪ್ಪುತ್ತದೆ. ಜನ ಮಾತ್ರ .300 ವಿಂಚೆಸ್ಟರ್ ಮ್ಯಾಗ್ನಂ ಎಂಬ ದೊಡ್ಡ ತೋಟಾದ ಕೋವಿ ಹೆಗಲಿಗೇರಿಸಿಕೊಂಡು ಬರುತ್ತಾರೆ. ಕಾನೂನು ಕೇಳದಿದ್ದನ್ನು ಜಂಬ ಕೇಳುತ್ತದೆ.

ಮ್ಯಾಗ್ನಂ ಕೊಡುವುದೇನು? 180 ಗ್ರೇನ್ ಗುಂಡನ್ನು ಮಾಮೂಲಿ .308 ತೋಟಾ ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಕಳಿಸಿದರೆ .300 ಮ್ಯಾಗ್ನಂ 900 ಮೀಟರಿನಲ್ಲಿ ಕಳಿಸುತ್ತದೆ. ಆ 100 ಮೀಟರ್ ಹೆಚ್ಚಳಕ್ಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಮದ್ದು ಸುಡಬೇಕು. ಬಯಲು ಬೆಟ್ಟದಲ್ಲಿ 300 ಮೀಟರ್ ಆಚೆ ಎಲ್ಕ್ ನಿಂತಿದ್ದರೆ ಅದರಿಂದ ಲಾಭ ಇದೆ, ಇಲ್ಲವೆನ್ನುವುದಿಲ್ಲ. ಗುಂಡಿನ ದಾರಿ ಕಡಿಮೆ ಬಾಗುತ್ತದೆ, ದೂರದಲ್ಲೂ ಪ್ರಾಣಿಗೆ ತಾಗಿದಾಗ ಗುಂಡಿನ ಮೂತಿ ಸರಿಯಾಗಿ ಅರಳುತ್ತದೆ. ನಾರ್ವೆಯ ಕಾಡಿನಲ್ಲಿ ನಾಯಿ ಮೂಸನ್ನು ತಡೆದು ಬೊಗಳುತ್ತಿರುತ್ತದೆ. ಅಲ್ಲಿ ಈಡು ಬಹಳ ಸಲ 100 ಮೀಟರ್ ಒಳಗೇ. ಆ ಜಾಗದಲ್ಲಿ ಮ್ಯಾಗ್ನಂ ಸುಮ್ನೆ ಸದ್ದು.

ಆ ಸದ್ದಿಗೆ ಮತ್ತು ಕೋವಿ ಭುಜಕ್ಕೆ ಕೊಡುವ ಒದೆತಕ್ಕೆ ತೆರುವ ಬೆಲೆಯನ್ನು ಕಣ್ಣಾರೆ ನೋಡಬೇಕೆ? ಶೂಟಿಂಗ್ ರೇಂಜಿನಲ್ಲಿ ಗೆಳೆಯನ ಕೈಗೆ ಮ್ಯಾಗಜೀನ್ ಕೊಟ್ಟು, ಅಸಲಿ ತೋಟಾಗಳ ನಡುವೆ ಮದ್ದಿಲ್ಲದ ಒಂದು ಡಮ್ಮಿ ಸೇರಿಸಲು ಹೇಳಿ. ಎಷ್ಟನೆಯದು ಅಂತ ನಿಮಗೆ ಗೊತ್ತಿರಬಾರದು. ಡಮ್ಮಿಯ ಸರದಿ ಬಂದಾಗ ಬರೀ 'ಟಿಕ್' ಅನ್ನುತ್ತದೆ. ಅದೇ ಕ್ಷಣ ನಳಿಗೆಯ ತುದಿ ನೋಡಿ. ಒದೆತಕ್ಕೆ ಹೆದರಿದವನ ನಳಿಗೆ ಬೆರಳಷ್ಟು ಕೆಳಕ್ಕೆ ಜಗ್ಗಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಅಂಥವನ ಕೈಗೆ ಎಷ್ಟು ಜೂಲ್ ಕೊಟ್ಟರೇನು? ಗುಂಡು ಹೊಟ್ಟೆಗೆ ಬಿದ್ದ ಮೂಸ್‌ಗೆ ಅದರಿಂದ ಏನೂ ಉಪಕಾರವಿಲ್ಲ.

ನಾರ್ವೆಯ ವಾರ್ಷಿಕ ಪರೀಕ್ಷೆ ನನಗೆ ಇಷ್ಟವಾಗುವುದು ಇದಕ್ಕೇ. ಮೊದಲು 30 ಈಡು ಅಭ್ಯಾಸ. ಆಮೇಲೆ 100 ಮೀಟರ್ ದೂರದ ಹಿಮಸಾರಂಗದ ಚಿತ್ರಕ್ಕೆ ಐದು ಈಡು, ಐದೂ 30 ಸೆಂಟಿಮೀಟರ್ ವೃತ್ತದೊಳಗೆ ಬೀಳಬೇಕು. ಪರೀಕ್ಷೆ ಸುಲಭ, ನಿಜ ಹೇಳಬೇಕೆಂದರೆ ತೀರಾ ಸುಲಭ. ಆದರೂ 30 ಈಡು ಹೊಡೆಯುವಷ್ಟರಲ್ಲಿ ಭುಜ ತಾನೇ ಹೇಳಿಬಿಡುತ್ತದೆ, ಈ ತೋಟಾ ನಿನಗೆ ತಕ್ಕದ್ದೋ ಅಲ್ಲವೋ ಅಂತ. ಇಲ್ಲಿ ಸೈಲೆನ್ಸರ್ ಕೂಡ ಮಾಮೂಲು. ಅದು ಸದ್ದನ್ನೂ ಒದೆತವನ್ನೂ ತಗ್ಗಿಸುತ್ತದೆ.

ಇನ್ನು ಗುಂಡಿನ ಕಥೆ. ತೋಟಾದ ಹೆಸರಿಗೆ ತಲೆ ಕೆಡಿಸಿಕೊಳ್ಳುವವರು ಅದರ ಮೂತಿಯಲ್ಲಿ ಕೂತ ಗುಂಡನ್ನು ಗಮನಿಸುವುದೇ ಕಡಿಮೆ. ಪ್ರಾಣಿಯನ್ನು ಮುಟ್ಟುವುದು ಅದೊಂದೇ ಅಲ್ವಾ? ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿ .300 ಎಚ್ ಅಂಡ್ ಎಚ್ ಮ್ಯಾಗ್ನಂ. ವೇಗಕ್ಕೆ ಕೊರತೆ ಇರಲಿಲ್ಲ. ಗುಂಡುಗಳೇ ಚೂರಾಗಿ ಒಳಗೆ ಇಳಿಯಲಿಲ್ಲ. ಅದರ ಫಲವಾಗಿ 1948ರಲ್ಲಿ ಅವರ ಪಾರ್ಟಿಷನ್ ಗುಂಡು ಮಾರಾಟಕ್ಕೆ ಬಂತು. ಅದರ ನಡುವೆ ತಾಮ್ರದ ಅಡ್ಡಗೋಡೆ ಇದೆ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಮೆದು ಗುಂಡಿಗೆ ವೇಗ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ, ಹತ್ತಿರದ ಈಡಿನಲ್ಲಂತೂ ಮೂಳೆಗೆ ತಾಗಿದರೆ ಪುಡಿ.

ಪೂರ್ತಿ ತಾಮ್ರದ ಗುಂಡಿನದು ಇನ್ನೊಂದು ದಾರಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ, ಹಾಗಾಗಿ ಅಲ್ಲಿ ಬೇರೆ ಆಯ್ಕೆಯೇ ಇಲ್ಲ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬೇಕೆಂದರೆ ಗುಂಡು ಉದ್ದವಾಗಬೇಕು. ಉದ್ದವಾದರೆ ನಳಿಗೆಯ ಒಳತಿರುವು (ಗುಂಡನ್ನು ತಿರುಗಿಸುವ ಸುರುಳಿ ಗೀರು) ಬಿಗಿಯಾಗಿರಬೇಕು, ಇಲ್ಲದಿದ್ದರೆ ಗುಂಡು ನೆಟ್ಟಗೆ ಹಾರದು. ಚೂರಾಗದ ಕಾರಣ ಹಗುರದ್ದೂ ಆಳಕ್ಕೆ ಹೋಗುತ್ತದೆ, ಆದರೆ ಅರಳಲು ವೇಗ ಬೇಕು. ಇಲ್ಲಿ ಅಮೆರಿಕದವರ ವೇಗದ ಹುಚ್ಚಿಗೆ ಒಂದು ಅರ್ಥ ಇದೆ. ತೂಕ ನೋಡಿ ಬರೆದ ನಿಯಮಕ್ಕೂ ತಾಮ್ರಕ್ಕೂ ಅಷ್ಟಾಗಿ ಹೊಂದುವುದಿಲ್ಲ.

ಕೈಯಾರೆ ತೋಟಾ ತುಂಬುವುದನ್ನು ಅಮೆರಿಕದವರಂತೆ ಸಂಭ್ರಮಿಸುವ ಜನ ನಾನು ಬೇರೆ ಕಂಡಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಪ್ರೆಸ್, ತಕ್ಕಡಿ, ಪಕ್ಕದಲ್ಲಿ ಎಣ್ಣೆಯ ಬೆರಳಚ್ಚು ಬಿದ್ದ ನೋಟ್‌ಬುಕ್. ಬೇರೆಯವರ ಹಳೆಯ ಕೇಸ್ ಕೈಗೆ ಬಂದರೆ ಅವರು ಮೊದಲು ಮಾಡುವ ಕೆಲಸ ನೋಡಬೇಕು. ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಸ್ವಲ್ಪ ಬಗ್ಗಿಸಿ, ಹಿತ್ತಾಳೆ ಕೇಸಿನ ಒಳಗೆ ಇಳಿಸಿ ಗೋಡೆಗುಂಟ ಎಳೆಯುತ್ತಾರೆ. ತಳದಿಂದ ಸ್ವಲ್ಪ ಮೇಲೆ ತುದಿ ಒಂದು ಗುಳಿಯಲ್ಲಿ ಸಿಕ್ಕಿಕೊಂಡರೆ ಆ ಕೇಸ್ ಕಸದ ಬುಟ್ಟಿಗೆ. ಹಿತ್ತಾಳೆ ಅಲ್ಲಿ ಒಳಗಿನಿಂದ ತೆಳುವಾಗಿದೆ, ಮುಂದಿನ ಈಡಿಗೆ ಎರಡು ತುಂಡಾಗಬಹುದು ಅಂತ ಅರ್ಥ.

ಆದರೆ ಅಲ್ಲೂ ಮುಕ್ಕಾಲು ಮಂದಿ ತುಂಬುವುದು ಇನ್ನಷ್ಟು ವೇಗಕ್ಕಾಗಿ. ಅದು ನನಗೆ ಹಿಡಿಸುವುದಿಲ್ಲ. ತೋಟಾ ತುಂಬುವ ಕೈಪಿಡಿ ಪುಸ್ತಕದಲ್ಲಿರುವ ಮದ್ದಿನ ಗರಿಷ್ಠ ಅಳತೆ ಅದನ್ನು ಬರೆದವರ ಪರೀಕ್ಷಾ ನಳಿಗೆಯದು, ನಿಮ್ಮದಲ್ಲ. ಪುಸ್ತಕದ ಆರಂಭದ ಅಳತೆಯಿಂದ, ಅಂದರೆ ಸಾಮಾನ್ಯವಾಗಿ ಗರಿಷ್ಠಕ್ಕಿಂತ ಶೇ. 10ರಷ್ಟು ಕೆಳಗಿನಿಂದ ಶುರುಮಾಡಿ ಮೆಲ್ಲಗೆ ಏರಬೇಕು. ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎತ್ತಲು ಬಿಗಿಯಾದರೆ, ಪ್ರೈಮರ್ ಚಪ್ಪಟೆಯಾದರೆ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿದ್ದರೆ, ಆಗಲೇ ಮಿತಿ ದಾಟಿದೆ. ಪ್ರೈಮರ್ ಬದಲಾಯಿಸಿದರೂ ಮತ್ತೆ ಕೆಳಗಿನಿಂದಲೇ. ಒದೆತ ತಗ್ಗಲಿ ಅಂತ ಪುಸ್ತಕಕ್ಕಿಂತ ಕಡಿಮೆ ತುಂಬುವುದೂ ಅಪಾಯವೇ. ನಿಧಾನವಾಗಿ ಉರಿಯುವ ಕೆಲವು ಮದ್ದು ಅರೆಬರೆ ತುಂಬಿದ ಕೇಸಿನಲ್ಲಿ ಒತ್ತಡವನ್ನು ಎಲ್ಲೋ ಏರಿಸಿಬಿಡುತ್ತದೆ.

ಬೇಸಿಗೆಯ ಸೆಕೆಯಲ್ಲಿ ಅಳೆದ ವೇಗವನ್ನೂ ನಂಬಬೇಡಿ. ಕೆಲವು ಮದ್ದಿಗೆ ಚಳಿ ತಾಗಿದರೆ ವೇಗ ಇಳಿಯುತ್ತದೆ. ಇನ್ನು ಮೂರು ಈಡು ಒಂದೇ ತೂತಿಗೆ ಬಿದ್ದ ಕಾಗದವನ್ನು ಜೇಬಲ್ಲಿಟ್ಟುಕೊಂಡು ತೋರಿಸುವವರಿದ್ದಾರಲ್ಲ, ಅವರಿಗೆ ಅದೇ ತೋಟಾದಲ್ಲಿ ಹತ್ತು ಹೊಡೆಯಲು ಹೇಳಿ. ಅರ್ಧ ಮಂದಿ ಕಾಗದ ಮಡಚಿಡುತ್ತಾರೆ.

ಹೊಸಬರು ಕೇಳಿದರೆ ನಾನು ಹೇಳುವುದು .308, .30-06 ಅಥವಾ 6.5×55. ಅದಕ್ಕೆ ಚೂರಾಗದ, 10ರಿಂದ 12 ಗ್ರಾಂನ ಒಂದು ಗುಂಡು. ಕಾಡೆಮ್ಮೆಯಂಥ ಪ್ರಾಣಿಯ ಬೇಟೆ ಬೇರೆಯೇ ಲೋಕ, ಆಫ್ರಿಕಾದ ಹಲವು ದೇಶಗಳಲ್ಲಿ .375 ಕನಿಷ್ಠ ಅಂತ ಕಾನೂನೇ ಇದೆ. ಅಲ್ಲಿ ನನ್ನ ಈ ವಾದ ನಡೆಯುವುದಿಲ್ಲ.

ಕೊಲೊರಾಡೊದ ಗೆಳೆಯ ಇದನ್ನೆಲ್ಲ ಒಪ್ಪುವುದಿಲ್ಲ. ಮುಂದಿನ ಎಲ್ಕ್ ಸೀಸನ್ನಿಗೆ ಅವನು ಮ್ಯಾಗ್ನಂ ತರುತ್ತಾನೆ, ನಾನು .30-06. ಇಬ್ಬರೂ 250 ಮೀಟರ್ ಆಚೆ ಹೊಡೆಯಬಾರದು ಅಂತ ಮಾತಾಗಿದೆ. ಡಮ್ಮಿ ತೋಟಾದ ಪರೀಕ್ಷೆಗೆ ಮಾತ್ರ ಅವನಿನ್ನೂ ಹೂಂ ಅಂದಿಲ್ಲ.