ಅಲ್ಯೂಮಿನಿಯಂ ಫ್ರೇಮಿನ ಪಿಸ್ತೂಲು ದೀರ್ಘ ಸೇವೆಗೆ ತಕ್ಕುದೇ? – ಪರ ಮತ್ತು ವಿರೋಧ

ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಹಿಡಿ, ಟ್ರಿಗರ್ ಮತ್ತು ಮ್ಯಾಗಜಿನ್‌ಗಳನ್ನು ಹೊತ್ತ ಕೆಳಭಾಗವೇ ಫ್ರೇಮ್. ಪ್ರತಿ ಗುಂಡಿಗೂ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಬರುವ ಉಕ್ಕಿನ ಮೇಲ್ಭಾಗವೇ ಸ್ಲೈಡ್. ಇವೆರಡನ್ನೂ ಕೂಡಿಸಿ ಹಿಡಿದಿರುವುದು ಫ್ರೇಮಿನ ಇಕ್ಕೆಲಗಳಲ್ಲಿ ಕೊರೆದ ತೆಳುವಾದ ರೈಲುಗಳು. ಈ ರೈಲುಗಳು ಸವೆಯುವುದು, ಬಿರುಕು ಬಿಡುವುದು, ಕೊನೆಗೆ ತುಂಡಾಗುವುದು ಅಲ್ಯೂಮಿನಿಯಂ ಫ್ರೇಮುಗಳ ಬಗ್ಗೆ ಬಹುಕಾಲದಿಂದ ಕೇಳಿಬರುತ್ತಿರುವ ದೂರು. ತರಬೇತಿಯಲ್ಲೂ ಕರ್ತವ್ಯದಲ್ಲೂ ವರ್ಷಗಟ್ಟಲೆ ಬಳಕೆಯಾಗುವ ಪಿಸ್ತೂಲಿಗೆ ಇಂಥ ಫ್ರೇಮನ್ನು ನಂಬಬಹುದೇ ಎಂಬುದು ಇಲ್ಲಿಯ ಪ್ರಶ್ನೆ.

ಪರ

ನಂಬಬಹುದು. ಅಲ್ಯೂಮಿನಿಯಂ ಎಂದೊಡನೆ ಅಡುಗೆಮನೆಯ ಪಾತ್ರೆಯ ಮೆದು ಲೋಹವನ್ನು ನೆನೆಯುವುದರಿಂದಲೇ ಅರ್ಧ ಸಂಶಯ ಹುಟ್ಟುತ್ತದೆ. ಒಳ್ಳೆಯ ಸೇವಾ ಪಿಸ್ತೂಲುಗಳಿಗೆ ಬಳಸುವ 7075 ವರ್ಗದ ಮಿಶ್ರಲೋಹಕ್ಕೆ ಸತು, ಮೆಗ್ನೀಸಿಯಂ ಮತ್ತು ತಾಮ್ರ ಬೆರೆತಿರುತ್ತವೆ. ಸರಿಯಾಗಿ ಕಾಯಿಸಿ ಹದಗೊಳಿಸಿದಾಗ ಅದು ಶಾಶ್ವತವಾಗಿ ಬಾಗಲು ಸುಮಾರು 500 ಮೆಗಾಪಾಸ್ಕಲ್ ಒತ್ತಡ ಬೇಕಾಗುತ್ತದೆ. ಸಾಮಾನ್ಯ ಮೆದು ಉಕ್ಕು ಇದರ ಅರ್ಧದಷ್ಟು ಒತ್ತಡಕ್ಕೇ ಮಣಿಯುತ್ತದೆ. ಸಾಂದ್ರತೆಯೋ, ಉಕ್ಕಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ.

ತೂಕದ ಈ ಲಾಭವನ್ನು ಹಗುರವಾಗಿ ಕಾಣಬಾರದು. 1950ರ ಸುಮಾರಿಗೆ ಬಂದ ಕೋಲ್ಟ್ ಕಮಾಂಡರ್ ಮುಖ್ಯವಾಗಿ ಅಲ್ಯೂಮಿನಿಯಂ ಫ್ರೇಮಿನಿಂದಾಗಿ, ತುಸು ಗಿಡ್ಡ ಬ್ಯಾರೆಲ್ ಮತ್ತು ಸ್ಲೈಡಿನಿಂದಲೂ, ಸುಮಾರು 750 ಗ್ರಾಂಗೆ ಇಳಿಯಿತು. ಅದರ ಮೂಲವಾದ ಉಕ್ಕಿನ ಕೋಲ್ಟ್ 1911 ಪಿಸ್ತೂಲು ಸುಮಾರು 1,100 ಗ್ರಾಂ ತೂಗುತ್ತಿತ್ತು. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವವರಿಗೆ ಆ ವ್ಯತ್ಯಾಸವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದರ ಜೊತೆಗೆ ಅಲ್ಯೂಮಿನಿಯಂ ಬೆವರಿಗೆ ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ.

ಈಗ ರೈಲುಗಳ ವಿಷಯಕ್ಕೆ ಬರೋಣ. ಗುಂಡು ಹಾರಿದಾಗ ಕಾಡತೂಸಿನ ಒತ್ತಡವನ್ನು ತಡೆಯುವುದು ಬ್ಯಾರೆಲ್ ಮತ್ತು ಸ್ಲೈಡ್, ಇವೆರಡೂ ಉಕ್ಕಿನವೇ. ಬ್ಯಾರೆಲ್ ತುಸು ಹಿಂದೆ ಸರಿದು ಸ್ಲೈಡಿನೊಂದಿಗಿನ ಬೀಗ ಬಿಡಿಸಿಕೊಳ್ಳುವಾಗ ಫ್ರೇಮಿಗೆ ಒಂದು ಹೊಡೆತ ಬೀಳುತ್ತದೆ, ಸ್ಲೈಡ್ ತನ್ನ ಹಾದಿಯ ಕೊನೆ ಮುಟ್ಟಿದಾಗ ಇನ್ನೊಂದು. ಈ ದೊಡ್ಡ ಹೊಡೆತಗಳು ಬೀಳುವುದು ಫ್ರೇಮಿನೊಳಗಿನ ತಡೆಗೋಡೆಗಳ ಮೇಲೆ. ರೈಲುಗಳ ಮುಖ್ಯ ಕೆಲಸ ಸ್ಲೈಡಿಗೆ ದಾರಿ ತೋರಿಸುವುದು. ಆದ್ದರಿಂದ ರೈಲಿನ ಸುತ್ತ ಬಿರುಕು ಕಂಡಾಗ ಲೋಹವನ್ನು ದೂರುವ ಮೊದಲು ಆ ಜಾಗದ ಆಕಾರವನ್ನು ನೋಡಬೇಕು. ಅಲ್ಲೊಂದು ಚೂಪಾದ ಒಳಮೂಲೆಯೋ, ಸ್ಲೈಡನ್ನು ಹಿಂದೆಯೇ ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪಿಗಾಗಿ ಕೊರೆದ ಕಿಂಡಿಯೋ ಇದ್ದೇ ಇರುತ್ತದೆ. ಕೋಲ್ಟ್ 1911 ಮಾದರಿಯಲ್ಲಿ ಆ ಕಿಂಡಿಯ ಮೇಲೆ ಉಳಿದಿದ್ದ ಎಳೆಯಷ್ಟು ತೆಳುವಾದ ಸೇತುವೆ ಒಡೆಯುತ್ತಿತ್ತು. ಒಡೆದರೂ ಪಿಸ್ತೂಲಿನ ಕೆಲಸಕ್ಕೆ ತೊಂದರೆಯಾಗುತ್ತಿರಲಿಲ್ಲ. ಕಂಪನಿ ಕಡೆಗೆ ಆ ಸೇತುವೆಯನ್ನೇ ತೆಗೆದುಹಾಕಿತು.

ಪಶ್ಚಿಮ ಜರ್ಮನಿಯ ಸೈನ್ಯ 1957ರಿಂದ ಬಳಸಿದ, ಮುಂದೆ ಪಿ1 ಎಂದು ಹೆಸರಾದ ವಾಲ್ಥರ್ ಪಿಸ್ತೂಲಿನದೂ ಇಂಥದೇ ಕಥೆ. ಬ್ಯಾರೆಲನ್ನು ಸ್ಲೈಡಿಗೆ ಬಿಗಿಯುವ ಬೀಗದ ತುಂಡು ಬಡಿಯುವ ಕಡೆ ಅದರ ಅಲ್ಯೂಮಿನಿಯಂ ಫ್ರೇಮ್ ಸಾಲದಾದಾಗ, 1970ರ ದಶಕದ ನಡುವೆ ಅಲ್ಲಿಗೆ ಅಡ್ಡಲಾಗಿ ಆರು ಮೂಲೆಯ ಒಂದು ಉಕ್ಕಿನ ಪಿನ್ ಕೂರಿಸಿದರು. ಇಡೀ ಫ್ರೇಮನ್ನು ಉಕ್ಕಿಗೆ ಬದಲಿಸುವ ಪ್ರಮೇಯ ಬರಲಿಲ್ಲ. ಸಿಗ್ ಪಿ226ರಲ್ಲಿ ಬ್ಯಾರೆಲಿನ ಹೊಡೆತವನ್ನು ಉಕ್ಕಿನ ಪ್ರತ್ಯೇಕ ತುಂಡೊಂದು ತೆಗೆದುಕೊಳ್ಳುವಂತೆ ಮೊದಲೇ ಏರ್ಪಾಟು ಮಾಡಿದ್ದಾರೆ. ಹೊಡೆತ ಬೀಳುವಲ್ಲಿ ಉಕ್ಕು, ಉಳಿದೆಡೆ ಹಗುರ ಲೋಹ ಎಂಬ ಈ ವಿವೇಕ ಇರುವ ಪಿಸ್ತೂಲನ್ನು ಅಲ್ಯೂಮಿನಿಯಂ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ಅನ್ಯಾಯ.

ಉಕ್ಕು ಮುರಿಯುವುದಿಲ್ಲವೆಂದು ಯಾರೂ ಭಾವಿಸಬೇಕಿಲ್ಲ. ಬೆರೆಟಾ 92 ಮಾದರಿಗೆ ಅತಿ ಹೆಚ್ಚು ಅಪಕೀರ್ತಿ ತಂದ 1987–88ರ ಘಟನೆಗಳಲ್ಲಿ ತುಂಡಾದದ್ದು ಅಲ್ಯೂಮಿನಿಯಂ ಫ್ರೇಮಲ್ಲ, ಉಕ್ಕಿನ ಸ್ಲೈಡ್. ಅಮೆರಿಕದ ಸೈನಿಕರ ಕೈಯಲ್ಲಿ ಸ್ಲೈಡ್ ಮುರಿದು, ಹಿಂದಿನ ತುಂಡು ಹಾರಿಸಿದವರ ಮುಖಕ್ಕೇ ಬಡಿದಿತ್ತು. ಆಗ ಕಂಡುಕೊಂಡ ಪರಿಹಾರವೂ ಮೆಚ್ಚತಕ್ಕದ್ದು: ಫ್ರೇಮಿನಲ್ಲಿರುವ ಹ್ಯಾಮರ್ ಪಿನ್ನಿನ ತಲೆಯನ್ನು ದೊಡ್ಡದು ಮಾಡಿ, ಮುರಿದ ಸ್ಲೈಡನ್ನು ಅದು ತಡೆದು ನಿಲ್ಲಿಸುವಂತೆ ಮಾಡಿದರು. ಬ್ರೌನಿಂಗ್ ಹೈ-ಪವರ್ ಪಿಸ್ತೂಲನ್ನು ಹೆಚ್ಚು ಬಲದ .40 ಕಾಡತೂಸಿಗೆ ಅಳವಡಿಸುವಾಗಲೂ ಅದರ ಹಳೆಯ ಉಕ್ಕಿನ ಫ್ರೇಮ್ ಸಾಲದೆ, ಇನ್ನೂ ಗಟ್ಟಿಯಾದ ಎರಕದ ಉಕ್ಕಿನ ಫ್ರೇಮಿಗೆ ಹೋಗಬೇಕಾಯಿತು.

ವಿರೋಧಿಗಳು ಸದಾ ಮುಂದಿಡುವ ವಾದವೊಂದಿದೆ: ಉಕ್ಕಿಗೆ ದಣಿವಿನ ಮಿತಿಯೊಂದಿದೆ, ಅದಕ್ಕಿಂತ ಕಡಿಮೆ ಹೊರೆಯನ್ನು ಎಷ್ಟು ಸಲ ಹೇರಿದರೂ ಅದು ಬಿರಿಯುವುದಿಲ್ಲ, ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಮಾತು ಸರಿ. ಆದರೆ 7075ರ ದಣಿವಿನ ಬಲವನ್ನು ಅಳೆಯುವುದು 50 ಕೋಟಿ ಆವರ್ತನಗಳ ಲೆಕ್ಕದಲ್ಲಿ, ಆಗಲೂ ಅದು ಸುಮಾರು 160 ಮೆಗಾಪಾಸ್ಕಲ್ ತಾಳುತ್ತದೆ. ಯಾವ ಪಿಸ್ತೂಲು 50 ಕೋಟಿ ಗುಂಡು ಹಾರಿಸೀತು? ಹತ್ತಾರು ಸಾವಿರ ಗುಂಡುಗಳ ಆಯುಷ್ಯದಲ್ಲಿ ನಿಜವಾಗಿ ಫ್ರೇಮನ್ನು ಕೊಲ್ಲುವುದು ಸತ್ತ ಸ್ಪ್ರಿಂಗ್ ಮತ್ತು ಒಣಗಿದ ರೈಲು. ಕೆಲವು ಸಾವಿರ ಗುಂಡುಗಳಿಗೊಮ್ಮೆ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಬದಲಿಸಿ, ರೈಲಿಗೆ ತೆಳುವಾಗಿ ಗ್ರೀಸ್ ಹಚ್ಚುವ ಶಿಸ್ತಿದ್ದಲ್ಲಿ ಈ ಫ್ರೇಮುಗಳು ದೀರ್ಘಕಾಲ ಬಾಳುತ್ತವೆ.

ವಿರೋಧ

ಮೇಲಿನ ವಾದದ ಅಂಕಿಗಳನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಅವನ್ನು ಅನ್ವಯಿಸಿದ ರೀತಿ. 160 ಮೆಗಾಪಾಸ್ಕಲ್ ಎಂಬ ಸಂಖ್ಯೆ ಬಂದದ್ದು ಪ್ರಯೋಗಾಲಯದಲ್ಲಿ ನುಣ್ಣಗೆ ಹೊಳಪು ಕೊಟ್ಟ, ಮೂಲೆಯೇ ಇಲ್ಲದ ದುಂಡು ಸರಳುಗಳಿಂದ. ಪಿಸ್ತೂಲಿನ ರೈಲು ಹಾಗಿರುವುದಿಲ್ಲ. ರೈಲು ಫ್ರೇಮಿನ ಗೋಡೆಯನ್ನು ಕೂಡುವಲ್ಲಿ ಇಕ್ಕಟ್ಟಾದ ಒಳಮೂಲೆಯಿದೆ, ಸ್ಲೈಡ್ ಸ್ಟಾಪಿಗೂ ಪಿಸ್ತೂಲನ್ನು ಬಿಚ್ಚಲು ತಿರುಗಿಸುವ ಟೇಕ್‌ಡೌನ್ ಲಿವರಿಗೂ ಕೊರೆದ ರಂಧ್ರಗಳು ಪಕ್ಕದಲ್ಲೇ ಇವೆ. ಇಂಥ ಜಾಗದಲ್ಲಿ ಒತ್ತಡ ಸುತ್ತಲಿನದಕ್ಕಿಂತ ಎರಡು ಮೂರು ಪಟ್ಟು ಏರುವುದು ಯಂತ್ರಶಾಸ್ತ್ರ ಬಲ್ಲವರಿಗೆ ಹೊಸದಲ್ಲ. ಅದರ ಮೇಲೆ ಗಡಸು ಆನೊಡೈಸಿಂಗ್ ಬೇರೆ. ಸವೆತ ತಡೆಯಲೆಂದು ಕೊಡುವ 25ರಿಂದ 50 ಮೈಕ್ರಾನ್ ದಪ್ಪದ ಈ ಆಕ್ಸೈಡ್ ಪದರ ಬಹಳ ಗಟ್ಟಿ, ಅಷ್ಟೇ ಪೆಡಸು. ಅದರಲ್ಲಿ ಹುಟ್ಟುವ ಸೂಕ್ಷ್ಮ ಸೀಳುಗಳೇ ಒಳಗಿನ ಲೋಹದ ಬಿರುಕಿಗೆ ಬೀಜವಾಗುತ್ತವೆ. ಆನೊಡೈಸ್ ಮಾಡಿದ ಅಲ್ಯೂಮಿನಿಯಂನ ದಣಿವಿನ ಬಲ ಮಾಡದಿದ್ದದ್ದಕ್ಕಿಂತ ಕಡಿಮೆ. ಸವೆತದಿಂದ ಕಾಯುವ ಪದರವೇ ಬಿರುಕಿಗೆ ದಾರಿ ಮಾಡಿಕೊಡುತ್ತದೆ ಎಂಬ ಈ ಇಕ್ಕಟ್ಟಿಗೆ ಪರವಾದಿಗಳು ಉತ್ತರಿಸುವುದಿಲ್ಲ.

ಆ ಪದರವೂ ಶಾಶ್ವತವಲ್ಲ. ತುಂಬ ಬಳಸಿದ ಅಲ್ಯೂಮಿನಿಯಂ ಫ್ರೇಮಿನ ಸ್ಲೈಡನ್ನು ಬಿಚ್ಚಿ, ರೈಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪು ಬಣ್ಣ ಒಂದೇ ಸಮನೆ ಮಾಸಿರುವುದಿಲ್ಲ. ರೈಲಿನ ತುದಿಗಳಲ್ಲಿ, ಸ್ಲೈಡ್ ವಾಲಿ ಒತ್ತುವ ಕಡೆ, ಬೆಳ್ಳಗೆ ಮಿನುಗುವ ಪಟ್ಟಿಗಳು ಎದ್ದಿರುತ್ತವೆ. ಅಲ್ಲಿಂದ ಮುಂದೆ ಉಕ್ಕು ನೇರವಾಗಿ ಬೆತ್ತಲೆ ಅಲ್ಯೂಮಿನಿಯಂ ಮೇಲೆ ಉಜ್ಜುತ್ತದೆ. ಕಿತ್ತುಬಂದ ಆಕ್ಸೈಡ್ ಕಣಗಳು ಎಣ್ಣೆಯಲ್ಲಿ ಬೆರೆತು ಉಪ್ಪುಕಾಗದದ ಪುಡಿಯಂತೆ ಕೆಲಸ ಮಾಡುತ್ತವೆ, ಬೆರಳಿಗೆ ಬೂದು ಮಸಿಯಾಗಿ ಅಂಟುತ್ತವೆ. ಪದರ ಇರುವಷ್ಟು ಕಾಲ ನಿಧಾನವಾಗಿದ್ದ ಸವೆತ ಇಲ್ಲಿಂದ ಬಿರುಸಾಗುತ್ತದೆ.

ಬಿರುಕನ್ನು ಕಂಡುಹಿಡಿಯುವುದು ಇದಕ್ಕಿಂತ ಕಷ್ಟ. ಆನೊಡೈಸ್ ಪದರದ ಮೇಲಿನ ನಿರುಪದ್ರವಿ ಗೆರೆಯೂ ಲೋಹದೊಳಗಿನ ಬಿರುಕೂ ಬರಿಗಣ್ಣಿಗೆ ಒಂದೇ ರೀತಿ ಕಾಣುತ್ತವೆ. ಜಿಡ್ಡು ಪೂರ್ತಿ ತೆಗೆದು, ತೆಳುವಾದ ಎಣ್ಣೆ ಸವರಿ, ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಗೆರೆಯುದ್ದಕ್ಕೂ ಎಣ್ಣೆ ಮತ್ತೆ ಜಿನುಗಿದರೆ ಅದು ಬಿರುಕೆಂದು ಅನುಮಾನಿಸಬೇಕು. ಬಣ್ಣದ ದ್ರವದಿಂದ ಮಾಡುವ ಪೆನಿಟ್ರಂಟ್ ಪರೀಕ್ಷೆ ಇನ್ನೂ ಖಚಿತ. ನೂರಾರು ಪಿಸ್ತೂಲುಗಳಿರುವ ಶಸ್ತ್ರಾಗಾರದಲ್ಲಿ ಇದನ್ನು ತಪ್ಪದೆ ಮಾಡುತ್ತಾರೆಂದು ನಂಬಿ ಕೂರುವಂತಿಲ್ಲ. ಸ್ಪ್ರಿಂಗ್ ಬದಲಿಸುವ, ಗ್ರೀಸ್ ಹಚ್ಚುವ ಶಿಸ್ತಿನ ಮಾತಿಗೂ ನನ್ನ ತಕರಾರು ಇದೇ. ಸೇವಾ ಆಯುಧವನ್ನು ಅಳೆಯಬೇಕಾದದ್ದು ಅದರ ಮೇಲೆ ಕಾಳಜಿ ತಪ್ಪಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರಿಂದ. ಉಕ್ಕಿನ ರೈಲು ಒಣಗಿದರೆ ಸ್ಲೈಡ್ ಬಿಗಿಯಾದೀತು, ಸಿಕ್ಕಿಕೊಂಡೀತು. ಎಣ್ಣೆ ಬಿದ್ದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಬೆತ್ತಲಾದ ಅಲ್ಯೂಮಿನಿಯಂ ರೈಲು ಒಣಗಿದರೆ ಗೀರು ಬಿದ್ದು ಕಿತ್ತುಬರುತ್ತದೆ, ಹೋದ ಲೋಹ ಮರಳುವುದಿಲ್ಲ.

ಕೆಟ್ಟ ಫ್ರೇಮಿನ ಗತಿಯೇನು ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ. ಬ್ಯಾರೆಲ್, ಸ್ಪ್ರಿಂಗ್, ಬೀಗದ ತುಂಡು, ಕಡೆಗೆ ಸ್ಲೈಡ್ ಕೂಡ ಬದಲಿಸಬಹುದಾದ ಭಾಗಗಳು. ಫ್ರೇಮ್ ಹಾಗಲ್ಲ. ಅಮೆರಿಕದ ಕಾನೂನಿನಲ್ಲಿ ಕ್ರಮಸಂಖ್ಯೆ ಹೊತ್ತ ಫ್ರೇಮೇ ಆಯುಧ. ಅದು ಹೋದರೆ ದಾಖಲೆಯ ಲೆಕ್ಕದಲ್ಲಿ ಪಿಸ್ತೂಲೇ ಹೋದಂತೆ. ಕಾಯಿಸಿ ಹದಗೊಳಿಸಿದ 7075ಕ್ಕೆ ಬೆಸುಗೆ ಹಾಕಹೋದರೆ ಸುತ್ತಲಿನ ಲೋಹ ತನ್ನ ಹದ ಕಳೆದುಕೊಳ್ಳುತ್ತದೆ, ಬೆಸುಗೆಯೂ ಬಿರಿಯುತ್ತದೆ. ಅತಿ ಹೆಚ್ಚು ಬಾಳಬೇಕಾದ, ಬದಲಿಸಲಾಗದ, ರಿಪೇರಿಯೂ ಸಲ್ಲದ ಭಾಗಕ್ಕೆ ಬೇಗ ಸವೆಯುವ ಲೋಹವನ್ನು ಆರಿಸುವುದು ಯಾವ ಲೆಕ್ಕಾಚಾರ?

ಬೆರೆಟಾದ ಸ್ಲೈಡ್ ಮುರಿದದ್ದು ನಿಜ, ಅದು ಘೋರವಾದ ದೋಷವೂ ಹೌದು. ಆದರೆ ಆ ಸ್ಲೈಡ್ ಮುರಿದದ್ದರಿಂದ ಅಲ್ಯೂಮಿನಿಯಂ ರೈಲಿನ ಗಟ್ಟಿತನ ಸಾಬೀತಾಗುವುದಿಲ್ಲ. ವಾಲ್ಥರ್ ಪಿ1ಕ್ಕೆ ಉಕ್ಕಿನ ಪಿನ್ ಕೂರಿಸಿದ್ದನ್ನಂತೂ ನಾನು ನನ್ನ ಪಕ್ಷದ ಸಾಕ್ಷಿಯಾಗಿಯೇ ಎಣಿಸುತ್ತೇನೆ, ಏಕೆಂದರೆ ಬರಿಯ ಅಲ್ಯೂಮಿನಿಯಂ ಅಲ್ಲಿ ತಾಳಲಿಲ್ಲವೆಂದು ಒಂದು ಸೈನ್ಯ ಸುಮಾರು ಎರಡು ದಶಕಗಳ ಅನುಭವದ ನಂತರ ಒಪ್ಪಿಕೊಂಡದ್ದು ಅದು.

ಹಗುರ ಪಿಸ್ತೂಲು ಬೇಡವೆಂಬುದು ನನ್ನ ವಾದವಲ್ಲ. 1980ರ ದಶಕದ ಆರಂಭದಲ್ಲಿ ಬಂದ ಗ್ಲಾಕ್ 17 ಪ್ಲಾಸ್ಟಿಕ್ ಫ್ರೇಮಿನಲ್ಲೇ ಚಿಕ್ಕ ಉಕ್ಕಿನ ರೈಲುಗಳನ್ನು ಹೂತು ತೋರಿಸಿತು. 2017ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡ ಸಿಗ್ ಪಿ320 ಮಾದರಿಯಲ್ಲಿ ರೈಲುಗಳೂ ಟ್ರಿಗರ್ ಯಂತ್ರವೂ ಸೇರಿದ ಉಕ್ಕಿನ ಒಳಚೌಕಟ್ಟನ್ನೇ ಹೊರಗೆ ತೆಗೆಯಬಹುದು. ಕ್ರಮಸಂಖ್ಯೆ ಇರುವುದೂ ಅದರ ಮೇಲೆಯೇ. ಪ್ಲಾಸ್ಟಿಕ್ಕಿನಲ್ಲಿ ಉಕ್ಕಿನ ರೈಲನ್ನು ಕೂರಿಸಬಲ್ಲವರಿಗೆ ಅಲ್ಯೂಮಿನಿಯಂನಲ್ಲಿ ಕೂರಿಸುವುದು ಅಸಾಧ್ಯವಲ್ಲ. ಹೊಸದಾಗಿ ಅಲ್ಯೂಮಿನಿಯಂ ಫ್ರೇಮಿನ ಸೇವಾ ಪಿಸ್ತೂಲು ಕೊಳ್ಳುವ ಯಾವುದೇ ಪಡೆ ಬದಲಿಸಬಹುದಾದ ಉಕ್ಕಿನ ರೈಲುಗಳನ್ನು ಕರಾರಿನಲ್ಲೇ ಕೇಳಬೇಕು; ಕೊಡಲಾಗದ ತಯಾರಕರಿಂದ ಕನಿಷ್ಠ ಪಕ್ಷ ಫ್ರೇಮಿನ ಆಯುಷ್ಯವನ್ನು ಗುಂಡುಗಳ ಸಂಖ್ಯೆಯಲ್ಲಿ ಬರೆಸಿಕೊಂಡು, ಆ ಸಂಖ್ಯೆ ತಲುಪಿದ ಪಿಸ್ತೂಲನ್ನು ಬಿರುಕು ಕಾಣಲಿ ಬಿಡಲಿ ಸೇವೆಯಿಂದ ತೆಗೆಯಬೇಕು.